ಜರ್ನಲ್‌ನಲ್ಲಿ ಅಚ್ಚಾದ ಲೇಖನದಲ್ಲಿ ಮೋಸ ಕಂಡರೆ ಏನು ಮಾಡಬಹುದು?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಾಲೇಜು ಅಧ್ಯಾಪಕರಿಗೆ ಸಂಶೋಧನಾ ಲೇಖನವೆಂದರೆ ಬಡ್ತಿಯ ಪ್ರಶ್ನೆಯೂ ಹೌದು. ನಿಮ್ಮ ಪಿಎಚ್.ಡಿ. ಪ್ರಬಂಧದ ಅಧ್ಯಾಯವೊಂದು ಬೇರೆಯವರ ಹೆಸರಿನಲ್ಲಿ ಪ್ರಕಟವಾದರೆ? ‘ಅಚ್ಚಾದ ಮೇಲೆ ಏನೂ ಮಾಡಲಾಗದು’ ಎಂದು ಹಲವರು ಸುಮ್ಮನಾಗುತ್ತಾರೆ. ಇದು ತಪ್ಪು ತಿಳಿವಳಿಕೆ.

ಯಾವುದು ಮೋಸ?
ಕೃತಿಚೌರ್ಯ, ಇಲ್ಲದ ಅಂಕಿಅಂಶ ಸೃಷ್ಟಿಸುವುದು, ಚಿತ್ರ ತಿರುಚುವುದು, ಒಂದೇ ಲೇಖನವನ್ನು ಎರಡು ಕಡೆ ಪ್ರಕಟಿಸುವುದು, ಕೆಲಸ ಮಾಡದವರ ಹೆಸರು ಸೇರಿಸುವುದು. ಅರಿಯದೆ ಆದ ತಪ್ಪು ಮೋಸವಲ್ಲ; ಅದಕ್ಕೆ ಸಾಮಾನ್ಯವಾಗಿ ತಿದ್ದುಪಡಿ ಸಾಕು.

ಜರ್ನಲ್ ಏನು ಮಾಡುತ್ತದೆ?
1997ರಲ್ಲಿ ಆರಂಭವಾದ ‘ಕೋಪ್’ ಎಂಬ ಪ್ರಕಟಣಾ ನೀತಿ ಸಮಿತಿಯ ಮಾರ್ಗಸೂಚಿಯನ್ನು ಬಹಳಷ್ಟು ಜರ್ನಲ್‌ಗಳು ಪಾಲಿಸುತ್ತವೆ. ಸಂಪಾದಕರು ಮೊದಲು ಲೇಖಕರ ವಿವರಣೆ ಕೇಳುತ್ತಾರೆ. ಉತ್ತರ ಸಮಾಧಾನ ತರದಿದ್ದರೆ ಅವರ ಸಂಸ್ಥೆಗೆ ಬರೆಯುತ್ತಾರೆ. ಬಳಿಕ ತಿದ್ದುಪಡಿ, ಎಚ್ಚರಿಕೆಯ ಟಿಪ್ಪಣಿ ಅಥವಾ ಲೇಖನದ ಹಿಂತೆಗೆತ. ಹಿಂತೆಗೆದ ಲೇಖನವನ್ನು ಸಾಮಾನ್ಯವಾಗಿ ಅಳಿಸುವುದಿಲ್ಲ. ಕಾರಣ ತಿಳಿಸಿ ಗುರುತು ಹಾಕುತ್ತಾರೆ.

ನಮ್ಮ ರಾಜ್ಯದ ಉದಾಹರಣೆ
ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಪ್ರಯೋಗಾಲಯವೊಂದರ ಲೇಖನ 2020ರಲ್ಲಿ ‘ನೇಚರ್ ಕೆಮಿಕಲ್ ಬಯಾಲಜಿ’ಯಲ್ಲಿ ಬಂತು. ಬ್ಯಾಕ್ಟೀರಿಯಾ ಕಬ್ಬಿಣದ ಅಂಶವನ್ನು ಗ್ರಹಿಸುವ ಬಗೆ ಅದರ ವಿಷಯ. ಚಿತ್ರಗಳ ಬಗ್ಗೆ ಓದುಗರು ‘ಪಬ್‌ಪಿಯರ್’ ತಾಣದಲ್ಲಿ ಪ್ರಶ್ನೆ ಎತ್ತಿದರು. ಚಿತ್ರ ತಿರುಚಿದ್ದು ಖಚಿತವಾಗಿ 2021ರಲ್ಲಿ ಲೇಖನವನ್ನು ಹಿಂತೆಗೆಯಲಾಯಿತು. ದೊಡ್ಡ ಜರ್ನಲ್ ಎಂಬುದೇ ಸತ್ಯಕ್ಕೆ ಖಾತರಿಯಲ್ಲ. ಆದರೆ ತಿದ್ದುವ ದಾರಿ ಇದೆ.

ಶಿಕ್ಷೆ ಯಾರ ಕೆಲಸ?
ಜರ್ನಲ್ ಲೇಖನವನ್ನಷ್ಟೇ ಹಿಂತೆಗೆಯಬಲ್ಲದು. ಶಿಕ್ಷೆ ಸಂಸ್ಥೆಯದು. ಯುಜಿಸಿಯ 2018ರ ನಿಯಮದಂತೆ ಹೋಲಿಕೆ ಶೇ. 10ರವರೆಗಿದ್ದರೆ ದಂಡವಿಲ್ಲ. ಶೇ. 10–40 ಇದ್ದರೆ ಲೇಖನ ವಾಪಸು. ಶೇ. 40–60 ಇದ್ದರೆ ಜೊತೆಗೆ ಒಂದು ವಾರ್ಷಿಕ ವೇತನ ಬಡ್ತಿ ಇಲ್ಲ, 2 ವರ್ಷ ಹೊಸ ಸಂಶೋಧಕರಿಗೆ ಮಾರ್ಗದರ್ಶನವಿಲ್ಲ. ಶೇ. 60 ಮೀರಿದರೆ ಎರಡು ವೇತನ ಬಡ್ತಿ, 3 ವರ್ಷ.

ನೀವು ಮಾಡಬೇಕಾದದ್ದು
• ಎರಡೂ ಬರಹಗಳ ಹೋಲುವ ಸಾಲುಗಳನ್ನು ಪುಟಸಂಖ್ಯೆ, ದಿನಾಂಕದೊಂದಿಗೆ ಅಕ್ಕಪಕ್ಕ ಇಡಿ.
• ಮೊದಲು ಸಂಪಾದಕರಿಗೆ, ನಂತರ ಲೇಖಕರ ಕಾಲೇಜು ಅಥವಾ ವಿಶ್ವವಿದ್ಯಾಲಯಕ್ಕೆ ಬರೆಯಿರಿ.
• ಸಾಕ್ಷ್ಯವನ್ನಷ್ಟೇ ಹೇಳಿ. ವಾಟ್ಸಾಪ್‌ನಲ್ಲಿ ‘ಕಳ್ಳ’ ಎಂದು ಹರಡಬೇಡಿ. ತನಿಖೆ ಮುಗಿಯುವವರೆಗೆ ಅದು ಆರೋಪ ಮಾತ್ರ.

ಹಣ ಪಡೆದು ಎರಡೇ ದಿನದಲ್ಲಿ ಪ್ರಕಟಿಸುವ ಜರ್ನಲ್ ದೂರಿಗೆ ಉತ್ತರಿಸದೇ ಇರಬಹುದು. ಆಗಲೂ ಸಂಸ್ಥೆಯ ಬಾಗಿಲು ತೆರೆದಿರುತ್ತದೆ. ಯುಜಿಸಿ-ಕೇರ್ ಪಟ್ಟಿ 2025ರ ಫೆಬ್ರವರಿಯಲ್ಲಿ ನಿಂತಿರುವುದರಿಂದ, ಲೇಖನ ಕಳಿಸುವ ಮುನ್ನ ಜರ್ನಲ್ಲಿನ ಸಂಪಾದಕ ಮಂಡಳಿ ಮತ್ತು ಹಿಂತೆಗೆತದ ನಿಯಮವನ್ನು ನೀವೇ ನೋಡಿಕೊಳ್ಳಿ.