ಮದರಾಸು ಬಂದರಿನ ದೀಪ

ಕನ್ನಡದಲ್ಲಿ ದೀಪಸ್ತಂಭವೆಂದರೆ ದೇವಾಲಯದ ಮುಂದಿನ ಕಲ್ಲುಕಂಬವೂ ಹೌದು, ಹಡಗುಗಳಿಗೆ ದಾರಿ ತೋರುವ ಸಮುದ್ರತೀರದ ಗೋಪುರವೂ ಹೌದು. ಮೊದಲನೆಯದರ ದೀಪ ದೇವರಿಗೆ ಸಂದದ್ದು. ಎರಡನೆಯದರ ದೀಪ ಯಾರ ಕಣ್ಣಿಗೆ ಬಿದ್ದರೆ ಅವರದು. ಹಾಗೆ ಎಲ್ಲರದೂ ಆಗುವ ದೀಪಕ್ಕೆ ಎಂಥ ಪರೀಕ್ಷೆ ಬರಬಹುದೆಂಬುದನ್ನು, ಇಂದು ಚೆನ್ನೈ ಎನಿಸಿಕೊಂಡಿರುವ ಮದರಾಸಿನ ಚರಿತ್ರೆ ಹೇಳುತ್ತದೆ. ೧೭೯೯ರಿಂದ ೧೯೫೬ರವರೆಗೆ ನಮ್ಮ ದಕ್ಷಿಣ ಕನ್ನಡ ಸೀಮೆಯೂ ಮದರಾಸಿನ ಆಡಳಿತಕ್ಕೆ ಒಳಪಟ್ಟಿದ್ದುದರಿಂದ, ಈ ಚರಿತ್ರೆ ನಮಗೆ ತೀರ ಹೊರಗಿನದೇನೂ ಅಲ್ಲ.

ಮದರಾಸಿಗೆ ಪ್ರಕೃತಿ ಬಂದರನ್ನು ಕೊಟ್ಟಿರಲಿಲ್ಲ. ಮಂಗಳೂರಿನಲ್ಲಿ ಹೊಳೆಗಳ ಅಳಿವೆಯಿದೆ. ಕಾರವಾರದಲ್ಲಿ ಗುಡ್ಡಗಳ ಮರೆಯ ಕೊಲ್ಲಿಯಿದೆ. ಮದರಾಸಿನಲ್ಲಿ ಇದ್ದದ್ದು ನೇರವಾದ ಮರಳುದಂಡೆ ಮತ್ತು ಅದನ್ನು ಅಪ್ಪಳಿಸುವ ತೆರೆಗಳು. ಹಡಗುಗಳು ದೂರದಲ್ಲಿಯೇ ಲಂಗರು ಹಾಕಬೇಕಾಗಿತ್ತು. ಜನರನ್ನೂ ಸರಕನ್ನೂ ದಡಕ್ಕೆ ತರುತ್ತಿದ್ದುದು ಮಸೂಲಾ ದೋಣಿಗಳು. ಇವುಗಳ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹುರಿಯಿಂದ ಹೊಲಿದಿರುತ್ತಿದ್ದರು; ತೆರೆಯ ಹೊಡೆತಕ್ಕೆ ದೋಣಿ ಬಾಗುತ್ತಿತ್ತು, ಸುಲಭವಾಗಿ ಒಡೆಯುತ್ತಿರಲಿಲ್ಲ. ಇಂಥ ಬಯಲು ತೀರಕ್ಕೆ ರಾತ್ರಿಯಲ್ಲಿ ಬರುವ ನಾವಿಕನಿಗೆ ಒಂದು ಗುರುತು ಬೇಕಾಗಿತ್ತು.

ಮೊದಲ ದೀಪ ೧೭೯೬ರಲ್ಲಿ ಬೆಳಗಿತು. ಸೇಂಟ್ ಜಾರ್ಜ್ ಕೋಟೆಯಲ್ಲಿ ವರ್ತಕರು ವ್ಯವಹಾರಕ್ಕೆ ಸೇರುತ್ತಿದ್ದ ಕಟ್ಟಡದ ನೆತ್ತಿಯ ಮೇಲೆ ತೆಂಗಿನೆಣ್ಣೆಯ ದೀಪಗಳನ್ನು ಹಚ್ಚಿಟ್ಟರು. ಆ ಕಟ್ಟಡ ಇಂದು ಕೋಟೆಯ ವಸ್ತುಸಂಗ್ರಹಾಲಯವಾಗಿದೆ. ೧೮೪೪ರಲ್ಲಿ ದೀಪಕ್ಕೆ ತನ್ನದೇ ಆದ ನೆಲೆ ದೊರೆಯಿತು. ಕೋಟೆಯ ಉತ್ತರಕ್ಕೆ, ಗ್ರೀಕ್ ದೇವಾಲಯದ ಕಂಬದ ಮಾದರಿಯಲ್ಲಿ, ಸುಮಾರು ೧೨೫ ಅಡಿ ಎತ್ತರದ ಸ್ತಂಭವನ್ನು ಕಟ್ಟಿ ಅದರ ಮೇಲೆ ದೀಪವಿಟ್ಟರು.

ದೀಪಕ್ಕೆ ಇಷ್ಟೊಂದು ಎತ್ತರವೇಕೆ ಎಂದು ನೀವು ಕೇಳಬಹುದು. ಭೂಮಿ ದುಂಡಗಿರುವುದರಿಂದ ಎಷ್ಟೇ ಪ್ರಖರವಾದ ಬೆಳಕಾದರೂ ಸ್ವಲ್ಪ ದೂರದಾಚೆ ನೀರಿನ ಅಂಚಿಗೆ ಮರೆಯಾಗುತ್ತದೆ. ೧೨೫ ಅಡಿ ಎತ್ತರದಿಂದ ಕಡಲಿನ ಅಂಚು ಸುಮಾರು ೧೪ ಮೈಲಿ ದೂರ. ೧೭೫ ಅಡಿಯಿಂದ ಸುಮಾರು ೧೬ ಮೈಲಿ. ಬಿರುಗಾಳಿಯ ರಾತ್ರಿಯಲ್ಲಿ ಎರಡು ಮೈಲಿ ಮೊದಲೇ ದೀಪ ಕಂಡರೆ ಅದು ಸಣ್ಣ ಲಾಭವಲ್ಲ. ಆದುದರಿಂದಲೇ, ೧೮೯೨ರಲ್ಲಿ ಅದೇ ಆವರಣದಲ್ಲಿ ಹೈಕೋರ್ಟಿನ ಭವ್ಯ ಕಟ್ಟಡ ಸಿದ್ಧವಾದ ಮೇಲೆ, ಸುಮಾರು ೧೭೫ ಅಡಿ ಎತ್ತರದ ಅದರ ಗೋಪುರವೇ ೧೮೯೪ರಲ್ಲಿ ದೀಪದ ಮೂರನೆಯ ನೆಲೆಯಾಯಿತು. ಅಷ್ಟರಲ್ಲಿ ಸಮುದ್ರದೊಳಕ್ಕೆ ತಡೆಗೋಡೆಗಳನ್ನು ಚಾಚಿ ಕೃತಕ ಬಂದರನ್ನು ಕಟ್ಟುವ ಕೆಲಸವೂ ನಡೆದಿತ್ತು. ೧೮೮೧ರ ಚಂಡಮಾರುತ ಆ ಗೋಡೆಗಳನ್ನು ಒಡೆದುಹಾಕಿದರೂ ಎದೆಗುಂದದೆ ಮತ್ತೆ ಕಟ್ಟಿದ್ದರು.

ಹಗಲು ನ್ಯಾಯ ವಿಚಾರಿಸುವ ಮನೆಯ ಮೇಲೆ ಇರುಳು ದೀಪ ಉರಿಯುತ್ತಿತ್ತು. ಅದಕ್ಕೆ ಪರೀಕ್ಷೆಯ ಕಾಲ ಬಂದದ್ದು ೧೯೧೪ರ ಸೆಪ್ಟೆಂಬರ್ ೨೨ರಂದು. ಮಹಾಯುದ್ಧಕ್ಕೆ ಬ್ರಿಟನ್ ಇಳಿದು ಏಳು ವಾರಗಳಾಗಿದ್ದರೂ ಮದರಾಸಿನ ದೀಪ ಎಂದಿನಂತೆಯೇ ಬೆಳಗುತ್ತಿತ್ತು. ರಾತ್ರಿ ಒಂಬತ್ತೂವರೆಯ ಸುಮಾರಿಗೆ ಕತ್ತಲೆಯೊಳಗಿಂದ ಜರ್ಮನಿಯ ಯುದ್ಧನೌಕೆ ಎಮ್ಡೆನ್ ಬಂತು. ಕಾರ್ಲ್ ಫಾನ್ ಮುಲ್ಲರ್ ಅದರ ಕಪ್ತಾನ. ವರ್ತಕರ ಹಡಗಿಗೆ ನೆಲೆ ತೋರಿಸುವ ಬೆಳಕು ಶತ್ರುವಿಗೂ ನೆಲೆ ತೋರಿಸಿತು. ಸುಮಾರು ಅರ್ಧ ಗಂಟೆ ಗುಂಡುಗಳು ಸುರಿದವು. ಬಂದರಿನ ಬಳಿಯ ಬರ್ಮಾ ಆಯಿಲ್ ಕಂಪನಿಯ ಎಣ್ಣೆಯ ತೊಟ್ಟಿಗಳು ಹೊತ್ತಿ ಉರಿದವು. ಕೆಲವರು ಪ್ರಾಣ ಕಳೆದುಕೊಂಡರು. ಗಾಬರಿಗೊಂಡ ಸಾವಿರಾರು ಜನ ಊರು ಬಿಟ್ಟರು. ಒಂದು ಗುಂಡು ಬಿದ್ದ ಜಾಗವನ್ನು ಹೈಕೋರ್ಟಿನ ಆವರಣದ ಗೋಡೆಯಲ್ಲಿ ಒಂದು ಫಲಕ ಸೂಚಿಸುತ್ತದೆ. ತಮಿಳರ ಮಾತಿನಲ್ಲಿ 'ಎಮ್ಡನ್' ಎಂದರೆ ಗಟ್ಟಿಗ, ಚಾಲಾಕಿ ಎಂಬ ಅರ್ಥ ಉಳಿದುಬಂತು.

ಹಾಗಾದರೆ ದೀಪವನ್ನು ಆರಿಸಿಬಿಡಬೇಕಾಗಿತ್ತೆ? ಯುದ್ಧಕಾಲದಲ್ಲಿ ಹಾಗೆ ಆರಿಸುವುದೂ ಉಂಟು. ಆದರೆ ಶತ್ರುವಿಗೆ ಕಾಣಬಾರದೆಂದು ಆರಿಸಿದ ದೀಪ ಮಿತ್ರನಿಗೂ, ಹೊಟ್ಟೆಪಾಡಿಗೆ ಕಡಲಿಗಿಳಿದ ಬೆಸ್ತನಿಗೂ ಕಾಣುವುದಿಲ್ಲ. ಬಂದವನು ಯಾರೆಂದು ವಿಚಾರಿಸಿ ಬೆಳಗುವ ದೀಪವನ್ನು ಇನ್ನೂ ಯಾರೂ ಮಾಡಿಲ್ಲ. ದೀಪವಿಟ್ಟ ಊರು ಆ ಅಪಾಯವನ್ನು ಒಪ್ಪಿಕೊಂಡೇ ದೀಪವಿಡಬೇಕು.

೧೯೭೭ರಲ್ಲಿ ದೀಪ ಮೂರನೆಯ ಸಲ ಮನೆ ಬದಲಿಸಿ, ಮೆರೀನಾ ತೀರದ ಕೆಂಪು ಬಿಳಿ ಪಟ್ಟಿಗಳ ಮುಮ್ಮೂಲೆ ಗೋಪುರಕ್ಕೆ ಹೋಯಿತು. ೧೮೪೪ರ ಕಂಬ ಹೈಕೋರ್ಟಿನ ಆವರಣದಲ್ಲಿ ದೀಪವಿಲ್ಲದೆ ನಿಂತಿದೆ. ಚೆನ್ನೈಗೆ ಹೋದಾಗ ಮೆರೀನಾ ಗೋಪುರದೊಡನೆ ಇದನ್ನೂ ನೋಡಿ ಬನ್ನಿ. ಅರ್ಧ ಶತಮಾನದ ಕಾಲ ಅದು ಗುರುತು ಪರಿಚಯವಿಲ್ಲದ ಎಷ್ಟೋ ಜನರನ್ನು ದಡ ಸೇರಿಸಿದೆ.