ಊರಾಚೆಯ ಹೊಸ ಊರು: ಕೈಸರೈಯದ ಬಸಿಲನ ಆರೈಕೆಯ ವ್ಯವಸ್ಥೆ

ಕ್ರಿ.ಶ. 372ರ ಸುಮಾರಿಗೆ ಕೈಸರೈಯದ ಬಿಷಪನಾದ ಬಸಿಲನು ಕಪ್ಪದೋಕ್ಯದ ರಾಜ್ಯಪಾಲ ಎಲಿಯಾಸನಿಗೆ ಒಂದು ಪತ್ರ ಬರೆದನು. ಇದು ಅಪೊಸ್ತಲರ ಕೃತ್ಯಗಳಲ್ಲಿ ನಾವು ಓದುವ ಕಡಲತೀರದ ಕೈಸರೈಯವಲ್ಲ. ಒಳನಾಡಿನ, ಇಂದಿನ ಟರ್ಕಿಯ ಕೈಸೇರಿ. ಬಸಿಲನ ಪತ್ರಸಂಗ್ರಹದಲ್ಲಿ 94ನೆಯದಾಗಿ ಉಳಿದುಬಂದಿರುವ ಈ ಪತ್ರವು ಉಪದೇಶವಲ್ಲ, ಆಪಾದನೆಯೊಂದಕ್ಕೆ ಕೊಟ್ಟ ಉತ್ತರ. ಬಿಷಪನು ಊರ ಹೊರಗೆ ಕಟ್ಟಿಸುತ್ತಿರುವ ಕಟ್ಟಡಗಳಿಂದ ಸಾರ್ವಜನಿಕ ಹಿತಕ್ಕೆ ಬಾಧಕವಾಗುತ್ತಿದೆಯೆಂದು ಯಾರೋ ರಾಜ್ಯಪಾಲನ ಕಿವಿಗೆ ಹಾಕಿದ್ದರು. ನಮ್ಮಿಂದ ಯಾರಿಗೆ ಏನು ನಷ್ಟವಾಯಿತು ಎಂದು ಕೇಳಿ, ಬಸಿಲನು ತಾನು ಕಟ್ಟಿಸಿದ್ದನ್ನು ಒಂದೊಂದಾಗಿ ಹೇಳುತ್ತಾನೆ: ಪ್ರಾರ್ಥನಾಲಯ, ಅದರ ಸುತ್ತ ಸೇವಕರ ವಾಸಗೃಹಗಳು, ದಾರಿಹೋಕರಿಗೂ ರೋಗದಿಂದ ಆರೈಕೆ ಬೇಕಾದವರಿಗೂ ತಂಗುಮನೆಗಳು, ಅಲ್ಲಿಗೆ ಬೇಕಾದ ಶುಶ್ರೂಷಕರು, ವೈದ್ಯರು, ಹೊರೆ ಹೊರುವ ಪ್ರಾಣಿಗಳು, ಜೊತೆಗೆ ಹೋಗಿ ಮುಟ್ಟಿಸುವವರು, ಬದುಕಿಗೆ ಅಗತ್ಯವಾದ ಕಸುಬುಗಳು, ಆ ಕಸುಬುಗಳಿಗೆ ಬೇಕಾದ ಕೆಲಸದ ಮನೆಗಳು.

ಸಭಾ ಚರಿತ್ರೆಯ ಪಾಠಗಳಲ್ಲಿ ಬಸಿಲನ ಈ ಸಂಸ್ಥೆಯನ್ನು ಜಗತ್ತಿನ ಮೊದಲ ಆಸ್ಪತ್ರೆಯೆಂದು ಹೇಳಿ ಮುಂದೆ ಸಾಗುವುದು ರೂಢಿ. ಮೊದಲೋ ಎರಡನೆಯದೋ ಎಂಬ ವಾದದಿಂದ ನಮಗೆ ಹೆಚ್ಚಿನ ಲಾಭವಿಲ್ಲ. ಪಟ್ಟಿಯಲ್ಲಿ ವೈದ್ಯರ ಪಕ್ಕದಲ್ಲೇ ನಿಂತಿರುವ ಆ ಹೇರುಪ್ರಾಣಿಗಳನ್ನೂ ಜೊತೆ ಹೋಗುವವರನ್ನೂ ಗಮನಿಸಬೇಕು. ವೈದ್ಯನಿದ್ದರೂ ಅವನ ಬಳಿಗೆ ನಡೆಯಲಾರದವನು ಸಾಯುತ್ತಾನೆ. ಗುಣವಾಗಿ ಹೊರಟವನು ದಾರಿಯಲ್ಲಿ ಬೀಳುತ್ತಾನೆ. ಆರೈಕೆಯು ಮುರಿದುಬೀಳುವುದು ಬಹುಮಟ್ಟಿಗೆ ಒಂದು ಬಾಗಿಲಿಗೂ ಇನ್ನೊಂದು ಬಾಗಿಲಿಗೂ ನಡುವಿನ ಹಾದಿಯಲ್ಲಿ. ಕತ್ತೆಗಳನ್ನು ಲೆಕ್ಕಕ್ಕೆ ಸೇರಿಸಿದ ಬಿಷಪನಿಗೆ ಇದು ಅನುಭವದಿಂದ ತಿಳಿದಿರಬೇಕು.

ಆ ಅನುಭವ ಬಂದದ್ದು 369ರ ಸುಮಾರಿನ ಕ್ಷಾಮದಲ್ಲಿ. ಬಸಿಲನು ಆಗ ಇನ್ನೂ ಸಭೆಯ ಹಿರಿಯನು, ಬಿಷಪನಾದದ್ದು 370ರಲ್ಲಿ. ಕಡಲ ಪಕ್ಕದ ಊರುಗಳಿಗೆ ಹಡಗಿನಲ್ಲಿ ಧಾನ್ಯ ಬರುತ್ತದೆ, ಒಳನಾಡಿಗೆ ಬರುವುದಿಲ್ಲ ಎಂಬುದನ್ನು ಅವನ ಗೆಳೆಯ ನಜಿಯಾನ್ಸಸ್ಸಿನ ಗ್ರೆಗೊರಿ ಸ್ಪಷ್ಟವಾಗಿ ಗುರುತಿಸಿದ್ದಾನೆ. ಬೆಲೆಯೇರಲೆಂದು ಕಾದಿದ್ದವರ ಕಣಜಗಳನ್ನು ಬಸಿಲನ ಪ್ರಸಂಗಗಳು ತೆರೆಸಿದವು. ಹಸಿದವರನ್ನು ಒಂದೆಡೆ ಸೇರಿಸಿ, ಕೊಪ್ಪರಿಗೆಗಳಲ್ಲಿ ಕಾಳಿನ ಸಾರು ಬೇಯಿಸಿ, ಅವನು ತಾನೇ ನಿಂತು ಬಡಿಸಿದನೆಂದು ಗ್ರೆಗೊರಿ ಹೇಳುತ್ತಾನೆ. ಕ್ಷಾಮ ಕಳೆದ ಮೇಲೆ ಸಾರು ಸಾಕಾಯಿತು. ಆದರೆ ಸೇರಿದ್ದವರಲ್ಲಿ ಎಲ್ಲರೂ ಮನೆಗೆ ಹೋಗುವಂತಿರಲಿಲ್ಲ.

ಹೋಗಲಾರದವರಲ್ಲಿ ಮೊದಲಿಗರು ಕುಷ್ಠರೋಗಿಗಳು. ಬಡವರ ಮೇಲಣ ಪ್ರೀತಿಯನ್ನು ಕುರಿತು ಗ್ರೆಗೊರಿ ಮಾಡಿದ ಪ್ರಸಂಗದಲ್ಲಿ, ಅವರು ತಮ್ಮ ತಂದೆತಾಯಿಗಳ ಹೆಸರನ್ನು ಕೂಗಿ ಹೇಳಿ ತಾವು ಯಾರೆಂದು ಪರಿಚಯಿಸಿಕೊಳ್ಳುವ ಚಿತ್ರವೊಂದಿದೆ. ಮುಖ ನೋಡಿ ಗುರುತಿಸುವಂತೆ ಮುಖ ಉಳಿದಿರಲಿಲ್ಲ. ಊರ ನೀರಿನಿಂದಲೂ ಅವರನ್ನು ಅಟ್ಟುತ್ತಿದ್ದರು. ಇಂಥವನ ಅಗತ್ಯ ಒಂದೇ ಅಲ್ಲ: ಹುಣ್ಣಿಗೆ ಔಷಧ, ಹೊಟ್ಟೆಗೆ ಅನ್ನ, ತಲೆಯ ಮೇಲೆ ಮಾಡು, ಕೈಗೆ ಕೆಲಸ, ಹೆಸರು ಹಿಡಿದು ಕರೆಯುವ ಒಬ್ಬ ಮನುಷ್ಯ. ರೋಮನ್ ಪಟ್ಟಣಗಳಲ್ಲಿ ಸಾರ್ವಜನಿಕ ವೈದ್ಯರು ಇದ್ದರು. ರೋಮ್ ನಗರದಲ್ಲಿ ಪೌರರಿಗೆ ಪಟ್ಟಿಯಂತೆ ಧಾನ್ಯ ಹಂಚುತ್ತಿದ್ದರು. ಉಳಿದದ್ದನ್ನು ಕುಟುಂಬ ನೋಡಿಕೊಳ್ಳಬೇಕಿತ್ತು. ಕುಟುಂಬವೇ ಹೊರಗಟ್ಟಿದವನ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ.

ಬಸಿಲನು ಶೂನ್ಯದಿಂದ ಆರಂಭಿಸಲಿಲ್ಲ. ಅವನಿಗೆ ಸನ್ಯಾಸ ಜೀವನದ ದಾರಿ ತೋರಿದ ಸೆಬಾಸ್ಟೆಯ ಯುಸ್ತಾತಿಯಸನು ತನ್ನ ಊರಿನಲ್ಲಿ ಬಡವರ ಮನೆಯೊಂದನ್ನು ನಡೆಸುತ್ತಿದ್ದು, ಅದರ ಹೊಣೆಯನ್ನು ಏರಿಯಸನೆಂಬ ಹಿರಿಯನಿಗೆ ಒಪ್ಪಿಸಿದ್ದನು. (ಇವನನ್ನು ಅಲೆಕ್ಸಾಂದ್ರಿಯದ ಆರಿಯಸನೊಡನೆ ಬೆರೆಸಬಾರದು, ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಈ ಗೊಂದಲ ಅಪರೂಪವಲ್ಲ.) ಬಿಷಪನು ಹಣದಾಸೆಗೆ ಬಿದ್ದನೆಂದು ಆಪಾದಿಸಿ ಏರಿಯಸನು ಆ ಹೊಣೆಯನ್ನು ಬಿಟ್ಟುಹೋದನೆಂದು ಎಪಿಫಾನಿಯಸನು ದಾಖಲಿಸಿದ್ದಾನೆ. ಒಳ್ಳೆಯ ಕೆಲಸವು ಇಬ್ಬರ ಜಗಳದಲ್ಲಿ ಅನಾಥವಾಗುವುದಕ್ಕೆ ಇದು ಹಳೆಯ ಉದಾಹರಣೆ. ಸಭೆಯ ವಿರೋಧಿಯಾದ ಚಕ್ರವರ್ತಿ ಜೂಲಿಯನನೂ 362ರ ಸುಮಾರಿಗೆ ಗಲಾತ್ಯದ ಮಹಾಯಾಜಕನಿಗೆ ಬರೆದು, ಊರೂರಿಗೆ ಛತ್ರಗಳನ್ನು ಸ್ಥಾಪಿಸಬೇಕೆಂದು ಆಜ್ಞಾಪಿಸಿ, ಅದಕ್ಕಾಗಿ ವರ್ಷಕ್ಕೆ 30,000 ಅಳತೆ ಗೋಧಿಯನ್ನು ಗೊತ್ತುಮಾಡಿದ್ದನು. ಕ್ರೈಸ್ತರು ತಮ್ಮವರನ್ನಲ್ಲದೆ ಇತರರನ್ನೂ ಪೋಷಿಸುತ್ತಾರೆಂಬುದೇ ಅವನಿಗೆ ಚುಚ್ಚಿದ ಮಾತು. ಮರುವರ್ಷವೇ ಅವನು ಯುದ್ಧದಲ್ಲಿ ಸತ್ತನು.

ಬಸಿಲನ ಪಟ್ಟಿಯ ಕೊನೆಯಲ್ಲಿರುವ ಕೆಲಸದ ಮನೆಗಳ ಅರ್ಥವು ನಮಗೆ ಹತ್ತಿರದ ಒಂದು ಸಂಗತಿಯಿಂದ ಇನ್ನಷ್ಟು ತಿಳಿಯಾಗುತ್ತದೆ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಡಾ. ಪಾಲ್ ಬ್ರಾಂಡರು ಕುಷ್ಠದಿಂದ ಮಡಚಿಹೋದ ಕೈಗಳನ್ನು ಶಸ್ತ್ರಚಿಕಿತ್ಸೆಯಿಂದ ನೆಟ್ಟಗೆ ಮಾಡಿದರು. ಕೈ ನೆಟ್ಟಗಾದುದರಿಂದ ಭಿಕ್ಷೆ ಕಡಮೆಯಾಯಿತೆಂದು ಗುಣವಾದವರು ಬಂದು ಹೇಳಿಕೊಂಡರು. ಕೆಲಸ ಕೊಡುವವರಾರೂ ಇರಲಿಲ್ಲ. ಶಸ್ತ್ರವೈದ್ಯರು ಅಲ್ಲಿಗೆ ತಮ್ಮ ಕರ್ತವ್ಯ ಮುಗಿಯಿತೆನ್ನಬಹುದಿತ್ತು. ಹಾಗೆನ್ನದೆ ಆವರಣದಲ್ಲೇ ಗುಡಿಸಲುಗಳನ್ನು ಕಟ್ಟಿ, ಮರಗೆಲಸವನ್ನೂ ಮರದ ಆಟಿಕೆ ತಯಾರಿಸುವುದನ್ನೂ ಕಲಿಸಲಾಯಿತು. ಸಂವೇದನೆಯಿಲ್ಲದ ಕೈಗೆ ಉಳಿ ಸುತ್ತಿಗೆಗಳಿಂದ ಹೇಗೆ ಗಾಯವಾಗುತ್ತದೆಂಬುದನ್ನು ವೈದ್ಯರು ಅಲ್ಲಿಯೇ ಕಣ್ಣಾರೆ ಕಂಡು ಕಲಿತರು. ಕಸುಬಿನ ಮನೆ ಚಿಕಿತ್ಸೆಗೆ ಪಾಠ ಹೇಳಿತು. ಇಬ್ಬರ ನಡುವೆ ಹದಿನಾರು ಶತಮಾನಗಳ ಅಂತರವಿದ್ದರೂ ಪ್ರಶ್ನೆ ಒಂದೇ ಆಗಿತ್ತು: ಗುಣವಾದವನು ನಾಳೆ ಬೆಳಿಗ್ಗೆ ಎಲ್ಲಿಗೆ ಹೋಗಬೇಕು?

ಕೈಸರೈಯದ ವ್ಯವಸ್ಥೆ ಒಂದೇ ಆವರಣಕ್ಕೆ ಸೀಮಿತವಾಗಿರಲಿಲ್ಲ. ಹಳ್ಳಿಗಳನ್ನು ನೋಡಿಕೊಳ್ಳುತ್ತಿದ್ದ ಗ್ರಾಮಬಿಷಪರ ಕೈಕೆಳಗೂ ಬಡವರ ಮನೆಗಳಿದ್ದವು. 142 ಮತ್ತು 143ನೆಯ ಪತ್ರಗಳಲ್ಲಿ ಬಸಿಲನು ತೆರಿಗೆಯ ಲೆಕ್ಕಾಧಿಕಾರಿಗಳನ್ನು ಬೇಡುವುದು ಇಂಥ ಮನೆಗೆ ತೆರಿಗೆಯ ವಿನಾಯಿತಿಯನ್ನೇ. ಪವಿತ್ರಾತ್ಮನನ್ನು ಕುರಿತು ಗ್ರಂಥ ಬರೆದ ಲೇಖನಿಯೇ ಈ ಅರ್ಜಿಗಳನ್ನೂ ಬರೆಯಿತು. ಎರಡನೆಯದು ಮೊದಲನೆಯದಕ್ಕಿಂತ ಕೀಳೆಂದು ಬಸಿಲನು ಭಾವಿಸಿದ ಸೂಚನೆಯಿಲ್ಲ. ತ್ರಯೈಕತ್ವದ ವಿಷಯದಲ್ಲಿ ತನ್ನ ಎದುರಾಳಿಯಾಗಿದ್ದ ಚಕ್ರವರ್ತಿ ವಾಲೆನ್ಸನು ರೋಗಿಗಳಿಗಾಗಿ ಭೂಮಿ ಕೊಟ್ಟಾಗ, ಥಿಯೊಡೊರೆಟನು ಹೇಳುವಂತೆ, ಆ ದಾನವೂ ಇದೇ ಕೆಲಸಕ್ಕೆ ಸೇರಿತು. ಬಸಿಲನ ಕಾಲದ ನಂತರದ ಸ್ಥಿತಿಯ ಬಗ್ಗೆ ಚರಿತ್ರಕಾರ ಸೊಜೊಮೆನನು ಕೊಡುವ ಸಣ್ಣ ವಿವರ ಇನ್ನೂ ಅಮೂಲ್ಯವಾದುದು: ಬಸಿಲನ ಹೆಸರಿನಿಂದಲೇ ಕರೆಯಲ್ಪಡುತ್ತಿದ್ದ ಆ ಮನೆಯ ಮುಖ್ಯಸ್ಥ ಪ್ರಾಪಿದಿಯೊಸನು ಅನೇಕ ಹಳ್ಳಿಗಳ ಮೇಲ್ವಿಚಾರಕನೂ ಆಗಿದ್ದನು. ರೋಗಿಯು ಬರುವ ಊರನ್ನೂ ಅವನು ಸೇರುವ ಮನೆಯನ್ನೂ ಒಬ್ಬನೇ ಬಲ್ಲವನಾಗಿದ್ದನು. ಸಮನ್ವಯವೆಂಬ ಪದವಿಲ್ಲದೆ ಸಮನ್ವಯ ನಡೆದದ್ದು ಹೀಗೆ. 451ರ ಖಲ್ಕೆದೋನ್ ಸಂಘವು ತನ್ನ 8ನೆಯ ವಿಧಿಯಲ್ಲಿ ಬಡವರ ಮನೆಗಳ ಯಾಜಕರು ಆಯಾ ಊರಿನ ಬಿಷಪನಿಗೆ ಅಧೀನರಾಗಿರಬೇಕೆಂದು ಕಟ್ಟುಮಾಡಿತು. ವಿಧಿಯನ್ನು ಬರೆಯಬೇಕಾಗಿ ಬಂದಿತೆಂಬುದೇ ಅಧೀನರಾಗಿರದವರೂ ಇದ್ದರೆಂಬುದಕ್ಕೆ ಸಾಕ್ಷಿ.

ಒಂದು ಪ್ರಶ್ನೆಯನ್ನು ಮಾತ್ರ ಬಿಡುವಂತಿಲ್ಲ. ಎಲ್ಲ ಸೇವೆಗಳನ್ನೂ ಒಂದೆಡೆ ತಂದ ಆ ಸ್ಥಳವು ಪಟ್ಟಣದ ಹೊರಗಿತ್ತು. ಸತ್ತವರ ಅದ್ಭುತ ಸಮಾಧಿಗಳಿಗಿಂತಲೂ ಈ ಹೊಸ ಊರು ದೊಡ್ಡ ಅದ್ಭುತವೆಂದು ಗ್ರೆಗೊರಿ ಹೊಗಳಿದನು. ಬಸಿಲನು ರೋಗಿಗಳನ್ನು ಅಪ್ಪಿಕೊಂಡು ಮುದ್ದಿಟ್ಟನೆಂದೂ ಹೇಳಿದನು. ಆದರೆ ಬಸಿಲನ ತಮ್ಮನಾದ ನಿಸ್ಸದ ಗ್ರೆಗೊರಿಯು ತನ್ನ ಪ್ರಸಂಗವೊಂದರಲ್ಲಿ, ರೋಗಿಗಳನ್ನು ದೂರದಲ್ಲಿರಿಸಿ ಅಲ್ಲಿಗೇ ಆಹಾರ ಕಳುಹಿಸಿದರೆ ಸಾಕೆನ್ನುವವರನ್ನು ಕಟುವಾಗಿ ಖಂಡಿಸುತ್ತಾನೆ. ಅದು ಕರುಣೆಯ ಮುಸುಕು ಹೊದ್ದ ಬಹಿಷ್ಕಾರವೆಂಬುದು ಅವನ ವಾದ. ಅಣ್ಣನ ಸಂಸ್ಥೆಯನ್ನು ಅವನು ಗುರಿಯಾಗಿಸಿದನೆಂದು ಹೇಳಲಾಗದು. ಆದರೂ ಕೇಳಿದವರಿಗೆ ಊರಾಚೆಯ ಆ ಕಟ್ಟಡಗಳು ನೆನಪಾಗದೆ ಇದ್ದಿರಲಾರವು. ನನ್ನ ಅಭಿಪ್ರಾಯದಲ್ಲಿ ಬಸಿಲನನ್ನು ಈ ಆಕ್ಷೇಪದಿಂದ ಪಾರುಮಾಡುವುದು ಅವನ ಪ್ರಾರ್ಥನಾಲಯದ ಸ್ಥಾನ. ಅವನು ಅದನ್ನು ರೋಗಿಗಳ ನಡುವೆ ಕಟ್ಟಿಸಿ ಅದರ ಪಕ್ಕದಲ್ಲೇ ಸಭೆಯ ಸೇವಕರನ್ನು ನೆಲೆಸುವಂತೆ ಮಾಡಿದನು. ರಾಜ್ಯಪಾಲನೂ ಅವನ ಪರಿವಾರವೂ ಬಂದರೆ ತಂಗಲು ಅಲ್ಲಿಯೇ ಸ್ಥಳವಿದೆಯೆಂದು ಅದೇ 94ನೆಯ ಪತ್ರದಲ್ಲಿ ಸೂಚಿಸಿದನು.

ಏಷ್ಯಾ ಮೈನರಿನ ಪ್ರಾಚೀನ ನಿವೇಶನಗಳನ್ನು ಶೋಧಿಸಿದ ವಿಲಿಯಂ ರ‍್ಯಾಮ್ಸೆ ಒಂದು ಸಂಗತಿಯನ್ನು ಬರೆದಿದ್ದಾರೆ. ಇಂದಿನ ಕೈಸೇರಿಯು ಹಳೆಯ ರೋಮನ್ ಪಟ್ಟಣದ ಜಾಗದಲ್ಲಿಲ್ಲ. ಅಲ್ಲಿಂದ ಮೈಲಿಗೂ ಹೆಚ್ಚು ದೂರದಲ್ಲಿದೆ. ಅವರ ಅಭಿಪ್ರಾಯದಂತೆ ಬಸಿಲನ ಹೊಸ ಊರಿನ ಸುತ್ತ ಜನರು ಬರಬರುತ್ತ ಮನೆ ಮಾಡಿಕೊಂಡರು, ಹಳೆಯ ಪಟ್ಟಣವು ಬರಿದಾಯಿತು.