ಪಾಳುಮನೆಯ ಒಡೆತನ

ಊರೊಳಗೆ ಒಂದು ಮನೆ ಹಾಳು ಬಿದ್ದಿದೆ. ಯಜಮಾನನು ಉದ್ಯೋಗವನ್ನರಸಿ ದೂರದೇಶಕ್ಕೆ ಹೋದವನು ಹಿಂದಿರುಗಲಿಲ್ಲ. ಬಾಗಿಲ ಬೀಗಕ್ಕೆ ತುಕ್ಕು ಹಿಡಿಯಿತು. ಮಾಡಿನ ಹಂಚು ಜಾರಿತು. ಅಂಗಳದಲ್ಲಿ ಗಿಡಗಂಟಿ ಬೆಳೆಯಿತು. ಆಗ ಮತ್ತೊಬ್ಬನು ಬಂದು ಹಂಚು ಹೊದಿಸಿ, ಗೋಡೆಗೆ ಸುಣ್ಣ ಬಳಿದು, ಒಲೆ ಹೂಡಿ, ಹೆಂಡಿರು ಮಕ್ಕಳೊಡನೆ ನೆಲಸಿದನು. ಅನೇಕ ವರ್ಷಗಳು ಕಳೆದ ಮೇಲೆ ಯಜಮಾನನ ಮಗನು ಹಳೆಯ ಪತ್ರಗಳನ್ನು ಹಿಡಿದು ಬಂದರೆ ಆ ಮನೆ ಯಾರದು? ಒಬ್ಬನ ಕೈಯಲ್ಲಿ ಹಕ್ಕಿನ ಮೂಲವಿದೆ. ಅದನ್ನು ನಮ್ಮ ಧರ್ಮಶಾಸ್ತ್ರಕಾರರು ‘ಆಗಮ’ವೆಂದರು. ಇನ್ನೊಬ್ಬನಲ್ಲಿ ಅನುಭವವಿದೆ, ಅದನ್ನು ‘ಭುಕ್ತಿ’ಯೆಂದರು. ಇವೆರಡರ ವ್ಯಾಜ್ಯವು ಇಂದಿನದಲ್ಲ. ಅದಕ್ಕೆ ಸಹಸ್ರ ವರ್ಷಗಳಿಗೂ ಮಿಕ್ಕ ಇತಿಹಾಸವುಂಟು.

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಈ ಕುರಿತು ಪ್ರಸಿದ್ಧವಾದ ವಿಧಿಯೊಂದಿದೆ. ಒಡೆಯನು ಕಣ್ಣಾರೆ ಕಾಣುತ್ತಿದ್ದೂ ಆಕ್ಷೇಪಿಸದೆ ಸುಮ್ಮನಿರಲು, ಪರರು ಅವನ ಭೂಮಿಯನ್ನು 20 ವರ್ಷ ಅಥವಾ ಧನವನ್ನು 10 ವರ್ಷ ಅನುಭವಿಸಿದರೆ ಅವನಿಗೆ ಹಾನಿಯುಂಟಾಗುವುದೆಂಬುದೇ ಆ ವಿಧಿಯ ತಾತ್ಪರ್ಯ. ಮೇಲುನೋಟಕ್ಕೆ ಅರ್ಥವು ಸುಲಭ: ಮೌನವಾಗಿದ್ದವನು ಆಸ್ತಿಯನ್ನು ಕಳೆದುಕೊಂಡನು. ಆದರೆ ಕಳೆದುಹೋದುದು ಏನು? ಭೂಮಿಯೋ, ಭೂಮಿಯ ಫಲವೋ? ಈ ಒಂದು ಪ್ರಶ್ನೆಯಲ್ಲಿಯೇ ಮುಂದಿನ ಕಥೆಯೆಲ್ಲ ಅಡಗಿರುವುದು.

ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದವನು ಕನ್ನಡನಾಡಿನ ರಾಜಧಾನಿಯಲ್ಲಿದ್ದ ವಿಜ್ಞಾನೇಶ್ವರನು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನು (1076–1126) ಕಲ್ಯಾಣದಿಂದ ರಾಜ್ಯವಾಳುತ್ತಿದ್ದ ಕಾಲದಲ್ಲಿ ರಚಿತವಾದ ಅವನ ‘ಮಿತಾಕ್ಷರೆ’ಯು ಬಂಗಾಳವೊಂದನ್ನುಳಿದು ಭಾರತದ ಬಹುಭಾಗದಲ್ಲಿ ಪ್ರಮಾಣಗ್ರಂಥವೆನಿಸಿತು. ಅವನ ತರ್ಕವು ಸೂಕ್ಷ್ಮವಾದುದು. ಸ್ವಾಮ್ಯವು ದಾಯದಿಂದ, ಕ್ರಯದಿಂದ, ವಿಭಾಗದಿಂದ, ಯಾರಿಗೂ ಸೇರದ ವಸ್ತುವಿನ ಪರಿಗ್ರಹದಿಂದ, ನಿಧಿಯ ಪ್ರಾಪ್ತಿಯಿಂದ ಹುಟ್ಟುತ್ತದೆಂದು ಗೌತಮನು ಹೇಳಿರುವನು; ಪರರ ವಸ್ತುವನ್ನು ಸುಮ್ಮನೆ ಅನುಭವಿಸುವುದರಿಂದ ಹುಟ್ಟುವುದೆಂದು ಹೇಳಿಲ್ಲ. ಹಾಗೆಯೇ ದಾನ ವಿಕ್ರಯಾದಿಗಳಿಂದ ಸ್ವಾಮ್ಯವು ಹೋಗುವುದೇ ಹೊರತು ಬರಿಯ ಮೌನದಿಂದ ಹೋಗಲಾರದು. ಆದುದರಿಂದ 20 ವರ್ಷ ಸುಮ್ಮನಿದ್ದ ಒಡೆಯನು ಕಳೆದುಕೊಳ್ಳುವುದು ಅಷ್ಟು ಕಾಲದ ಫಲವನ್ನು ಮಾತ್ರ. ಭೂಮಿಯು ಅವನದಾಗಿಯೇ ಉಳಿಯುವುದು. ಇಷ್ಟೇ ಅಲ್ಲ, ಒಡೆಯನು ಪರೋಕ್ಷದಲ್ಲಿದ್ದರೆ, ಎಂದರೆ ದೂರದಲ್ಲಿದ್ದು ಏನನ್ನೂ ಕಾಣದಿದ್ದರೆ, ಆ ಫಲದ ಹಾನಿಯೂ ಅವನಿಗೆ ಇಲ್ಲ.

ಭುಕ್ತಿಗೆ ಬೆಲೆಯೇ ಇಲ್ಲವೆಂದು ಇದರ ಅರ್ಥವಲ್ಲ. ಜನರ ನೆನಪಿಗೆ ನಿಲುಕುವ ಕಾಲವನ್ನು ಮಿತಾಕ್ಷರೆಯು 100 ವರ್ಷವೆಂದೆಣಿಸಿತು. ಆ ಕಾಲದೊಳಗಿನ ಭುಕ್ತಿಗೆ ಆಗಮದ ಆಧಾರವನ್ನು ತೋರಿಸಲೇಬೇಕು; ಅದಕ್ಕೂ ಹಿಂದಿನಿಂದ ತಲೆತಲಾಂತರವಾಗಿ ಅವಿಚ್ಛಿನ್ನವಾಗಿ ಬಂದ ಭುಕ್ತಿಯಾದರೆ ಅದೇ ಆಗಮವಿದ್ದುದಕ್ಕೆ ಸಾಕ್ಷಿ. ಪತ್ರಗಳು ಗೆದ್ದಲಿಗೆ ಆಹುತಿಯಾಗುವ ನಾಡಿನಲ್ಲಿ ಇದು ವಿವೇಕದ ಮಾತು. ಅಡವಿಟ್ಟ ವಸ್ತು, ಎಲ್ಲೆಯ ನೆಲ, ನಿಕ್ಷೇಪ, ಬಾಲರ ಮತ್ತು ಬುದ್ಧಿವಿಕಲರ ಧನ, ಸ್ತ್ರೀಯರ ಧನ, ಅರಸನ ಸ್ವತ್ತು, ಶ್ರೋತ್ರಿಯರ ಸ್ವತ್ತು, ಇವುಗಳಿಗೆ ಯಾಜ್ಞವಲ್ಕ್ಯನು ವಿನಾಯಿತಿಯನ್ನಿತ್ತನು. ಆಗಮವಿಲ್ಲದ ಅನುಭೋಗಿಯನ್ನು, ನೂರಾರು ವರ್ಷ ಕಳೆದಿದ್ದರೂ, ಕಳ್ಳನಂತೆ ದಂಡಿಸಬೇಕೆಂದು ನಾರದನು ವಿಧಿಸಿದನು.

ಕಂಪನಿ ಸರಕಾರದ ಕಾಲಕ್ಕೆ ದೃಷ್ಟಿಯೇ ಬದಲಾಯಿತು. ಹಳೆಯ ವ್ಯಾಜ್ಯಗಳಿಗೆ ಕೊನೆಯಿರಬೇಕೆಂಬುದು ಇಂಗ್ಲಿಷರ ನ್ಯಾಯದ ಮುಖ್ಯ ಕಾಳಜಿ. ಮದರಾಸು ಆಧಿಪತ್ಯದ 1802ನೆಯ ಇಸವಿಯ ರೆಗ್ಯುಲೇಷನ್ನು ದಾವೆಗೆ 12 ವರ್ಷದ ಅವಧಿಯನ್ನು ಗೊತ್ತುಮಾಡಿತು. ಧಾರವಾಡ ಬೆಳಗಾವಿಗಳು ಸೇರಿದ್ದ ಮುಂಬಯಿ ಆಧಿಪತ್ಯದಲ್ಲಿ 1827ರ 5ನೆಯ ರೆಗ್ಯುಲೇಷನ್ನು, ಒಡೆಯನೆಂಬ ಭಾವದಿಂದ 30 ವರ್ಷ ಎಡೆಬಿಡದೆ ನಡೆದ ಅನುಭವವನ್ನು ಹಕ್ಕಿಗೆ ಸಾಕಾದ ಪ್ರಮಾಣವೆಂದಿತು. 1859ರ ಕಾಯಿದೆಯು ಸ್ಥಿರಸ್ವತ್ತಿನ ದಾವೆಗೆ 12 ವರ್ಷದ ಗಡುವನ್ನಿಟ್ಟಿತು; ಆದರೂ ಅಲ್ಲಿ ಮುಚ್ಚಿದುದು ನ್ಯಾಯಾಲಯದ ಬಾಗಿಲು ಮಾತ್ರ. ನಿಜವಾದ ತಿರುವು 1871ರಲ್ಲಿ ಬಂದಿತು. ಅವಧಿಯು ಮುಗಿದೊಡನೆ ಭೂಮಿಯ ಮೇಲಣ ಹಕ್ಕೇ ನಂದಿಹೋಗುವುದೆಂದು ಆ ವರ್ಷದ ಕಾಯಿದೆಯು ಸಾರಿತು. ವಿಜ್ಞಾನೇಶ್ವರನಲ್ಲಿ ಮೌನದ ಬೆಲೆ ಫಲ, 1859ರಲ್ಲಿ ಅದು ದಾವೆ, 1871ರಲ್ಲಿ ಮನೆಯೇ. ಕಲ್ಯಾಣದ ಪಂಡಿತನು ಅಸಾಧ್ಯವೆಂದುದನ್ನು ಶಾಸನವು ಹೀಗೆ ಸಾಧ್ಯವಾಗಿಸಿತು. 1877, 1908 ಮತ್ತು 1963ರ ಕಾಯಿದೆಗಳು ಈ ತತ್ತ್ವವನ್ನು ಉಳಿಸಿಕೊಂಡವು.

ಹಾಗೆಂದು ಬೀಗವೊಡೆದು ಒಳಹೊಕ್ಕವನೆಲ್ಲ 12 ವರ್ಷಕ್ಕೆ ಒಡೆಯನಾಗುವುದಿಲ್ಲ. ಇಂಥ ಸ್ವಾಧೀನವನ್ನು ‘ಪ್ರತಿಕೂಲ ಸ್ವಾಧೀನ’ವೆನ್ನುವರು. ಅದು ಬಲಾತ್ಕಾರದ್ದಾಗಿರಬಾರದು, ಗುಟ್ಟಿನದಾಗಿರಬಾರದು, ಅನುಮತಿಯಿಂದ ದೊರೆತುದಾಗಿರಬಾರದು. ಎಡೆಬಿಡದಿರುವಿಕೆ, ಬಹಿರಂಗತೆ, ವ್ಯಾಪ್ತಿ ಈ ಮೂರರಲ್ಲಿಯೂ ಅದು ಸಾಕಷ್ಟಾಗಿರಬೇಕೆಂದು ಪ್ರೀವಿ ಕೌನ್ಸಿಲು 1900ರಲ್ಲಿ ತೀರ್ಮಾನಿಸಿತು. ಬೀಗದ ಕೈ ಪಡೆದು ಮನೆಯನ್ನು ಕಾಯುವವನು, ಬಾಡಿಗೆದಾರನು, ದಾಕ್ಷಿಣ್ಯದಿಂದ ಇರಗೊಟ್ಟ ನೆಂಟನು, ಇವರ ವಾಸವು ಎಷ್ಟು ದೀರ್ಘವಾದರೂ ಒಡೆಯನ ಅನುಮತಿಯ ನೆರಳಿನಲ್ಲಿಯೇ ಇರುವುದು. ಆದರೆ ಒಡೆಯನು ಕಣ್ಣಾರೆ ಕಂಡಿರಬೇಕೆಂಬ ಸ್ಮೃತಿಯ ನಿಯಮವು ಈಗಿಲ್ಲ. ಕಾಣಬಯಸಿದವನಿಗೆ ಕಾಣುವಂತಿದ್ದರೆ ಸಾಕು. ಪರದೇಶದಲ್ಲಿರುವವನಿಗೆ ಮಿತಾಕ್ಷರೆಯು ಕೊಟ್ಟಿದ್ದ ರಕ್ಷಣೆಯು ಇಲ್ಲಿ ಲೋಪವಾಯಿತು.

ಸ್ವತಂತ್ರ ಭಾರತದ 1963ರ ಕಾಯಿದೆಯು ಒಡೆಯನ ಭಾರವನ್ನು ಒಂದಿಷ್ಟು ಇಳಿಸಿತು. 1908ರ ಕಾಯಿದೆಯಲ್ಲಿ, ಸ್ವಾಧೀನ ತಪ್ಪಿಹೋದ ವಾದಿಯು ಹಿಂದಿನ 12 ವರ್ಷದೊಳಗೆ ತಾನು ಸ್ವಾಧೀನದಲ್ಲಿದ್ದುದನ್ನು ರುಜುವಾತುಪಡಿಸಬೇಕಾಗಿತ್ತು. ಬೀಗ ಹಾಕಿ ಹೋದವನಿಗೆ ಇದು ಕಷ್ಟಸಾಧ್ಯ. ಹೊಸ ಕಾಯಿದೆಯಲ್ಲಿ ಒಡೆಯನು ತನ್ನ ಹಕ್ಕನ್ನು ತೋರಿಸಿ ದಾವೆ ಹೂಡಿದರೆ, ಪ್ರತಿಕೂಲ ಸ್ವಾಧೀನವನ್ನು ಸಾಧಿಸುವ ಹೊರೆ ಎದುರಾಳಿಯದು. ಬಿಜಾಪುರದ ಸ್ವತ್ತೊಂದನ್ನು ಕುರಿತ 2004ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಮತ್ತೊಂದು ಮಾತನ್ನು ಸ್ಪಷ್ಟಪಡಿಸಿತು: ಒಡೆಯನು ಬಹುಕಾಲ ಬಳಸದೆ ಬಿಟ್ಟಮಾತ್ರಕ್ಕೆ ಹಕ್ಕು ಹೋಗದು, ಬೇರೊಬ್ಬನು ಹೊಕ್ಕು ತನ್ನದೆಂದು ಸಾಧಿಸಿದಾಗಲೇ ಸಂಗತಿ ಬೇರೆಯಾಗುವುದು. ಪಾಳುಮನೆಯನ್ನು ಕಳೆಯುವುದು ಪಾಳಲ್ಲ, ಪಾಳಿನೊಳಗೆ ಹಚ್ಚಿದ ಒಲೆ. ಅದೇ ನ್ಯಾಯಾಲಯವು 2008ರಲ್ಲಿ ಈ ನಿಯಮವನ್ನೇ ಯುಕ್ತಿಹೀನವೆಂದು ಖಂಡಿಸಿ, ಪುನರ್ವಿಮರ್ಶೆ ಮಾಡಬೇಕೆಂದು ಸರಕಾರಕ್ಕೆ ಸೂಚಿಸಿತು. ಆದರೂ 2019ರ ತೀರ್ಪಿನಿಂದ, ಅವಧಿಯನ್ನು ಪೂರೈಸಿದ ಸ್ವಾಧೀನದಾರನು ಸ್ವತಃ ವಾದಿಯಾಗಿ ಬರಲೂ ಅವಕಾಶವಾಯಿತು. 2023ರಲ್ಲಿ ಕಾನೂನು ಆಯೋಗವು ತನ್ನ 280ನೆಯ ವರದಿಯಲ್ಲಿ ನಿಯಮವನ್ನು ಬದಲಿಸಲು ಕಾರಣವಿಲ್ಲವೆಂದಿತು.

ಈ ನಿಯಮದ ತವರಾದ ಇಂಗ್ಲೆಂಡಿನಲ್ಲಾದರೋ ಗಾಳಿ ತಿರುಗಿತು. ಅಲ್ಲಿಯ 2002ರ ಭೂನೋಂದಣಿ ಕಾಯಿದೆಯಂತೆ, ನೋಂದಣಿಯಾದ ಸ್ವತ್ತಿನಲ್ಲಿ 10 ವರ್ಷ ಇದ್ದವನು ಅರ್ಜಿ ಹಾಕಿದಾಗ ದಾಖಲೆಯಲ್ಲಿರುವ ಒಡೆಯನಿಗೆ ತಿಳಿವಳಿಕೆ ಹೋಗುವುದು. ಅವನು ವಿರೋಧಿಸಿದರೆ ಸಾಮಾನ್ಯವಾಗಿ ಅರ್ಜಿಯು ನಿಲ್ಲದು, ಬಂದವನನ್ನು ಹೊರಡಿಸಲು ಅವನಿಗೆ ಇನ್ನೂ 2 ವರ್ಷದ ಅವಕಾಶವಿರುವುದು. ನಮ್ಮಲ್ಲಿ ನೋಂದಣಿಯಾಗುವುದು ಪತ್ರವೇ ಹೊರತು ಸರಕಾರವು ಹೊಣೆಹೊತ್ತ ಸ್ವಾಮ್ಯವಲ್ಲ. ದೂರದ ಒಡೆಯನನ್ನು ಎಚ್ಚರಿಸುವ ಏರ್ಪಾಡು ಆದುದರಿಂದ ಇಲ್ಲಿಲ್ಲ.

ಇಷ್ಟಾಗಿಯೂ ಮೊದಲಿನ ಪ್ರಶ್ನೆಯು ಎರಡೂ ಕಡೆಗೆ ತೂಗುತ್ತದೆ. ಬೀಳುವ ಮನೆಗೆ ಹಂಚು ಹೊದಿಸಿದವನ ಶ್ರಮಕ್ಕೆ ಬೆಲೆಯಿಲ್ಲವೆನ್ನಲಾಗದು. ದೂರದಲ್ಲಿದ್ದವನ ಮೌನವು ಸಮ್ಮತಿಯೆನ್ನಲೂ ಆಗದು. ವಿಜ್ಞಾನೇಶ್ವರನು ಫಲವನ್ನು ಅನುಭವಿಸಿದವನಿಗೂ ಮೂಲವನ್ನು ಒಡೆಯನಿಗೂ ಬಿಟ್ಟು ಇಬ್ಬರಿಗೂ ಪಾಲು ಕೊಟ್ಟನು. ಇಂದಿನ ಕಾಯಿದೆಯು ಒಬ್ಬನಿಗೆ ಎಲ್ಲವನ್ನೂ ಇನ್ನೊಬ್ಬನಿಗೆ ಏನನ್ನೂ ಇಲ್ಲದಂತೆಯೂ ಮಾಡುತ್ತದೆ. ಆ ಎರಡು ನೆಲೆಗಳ ನಡುವಣ ಅಂತರವನ್ನು ಅರಿಯದವರ ಮನೆಯ ಬಾಗಿಲಲ್ಲಿ 12 ವರ್ಷಗಳು ಸದ್ದಿಲ್ಲದೆ ಕಳೆದುಹೋಗುವುವು.